ಮೂಲ ಬಿಡಿಭಾಗ ಸಿಗದಿದ್ದಾಗ: ಹಳೆಯ ಅಕ್ರೊಲೈಟ್ ಸ್ನೇರ್ ಡ್ರಮ್ಮನ್ನು ಮತ್ತೆ ನುಡಿಸುವಂತೆ ಮಾಡುವುದು

ಹಳೆಯ ಸ್ನೇರ್ ಡ್ರಮ್, ಅಂದರೆ ಕೆಳಭಾಗದಲ್ಲಿ ತಂತಿಗಳನ್ನು ಬಿಗಿದಿರುವ ಡ್ರಮ್, ಪೂರ್ತಿಯಾಗಿ ಕೈಗೆ ಸಿಗುವುದು ಅಪರೂಪ. ಶೆಲ್, ಅಂದರೆ ಡ್ರಮ್ಮಿನ ದುಂಡು ಮೈ, ಗಟ್ಟಿಯಾಗಿರುತ್ತದೆ; ಅದರ ಹೊರಮೈಯಲ್ಲಿ ರಾಡ್‌ಗಳನ್ನು ಹಿಡಿಯುವ ಲಗ್‌ಗಳು ಬಹುತೇಕ ಉಳಿದಿರುತ್ತವೆ. ಆದರೆ ಹೆಡ್ಡನ್ನು (ಡ್ರಮ್ಮಿನ ಬಾಯಿಗೆ ಹಾಕುವ ಪದರವನ್ನು) ಒತ್ತಿ ಹಿಡಿಯುವ ಬಳೆಗಳಾದ ಹೂಪ್‌ಗಳಲ್ಲಿ ಒಂದು ಬೇರೆ ಯಾವುದೋ ಡ್ರಮ್ಮಿನದಾಗಿರುತ್ತದೆ, ಹೂಪನ್ನು ಲಗ್‌ಗಳಿಗೆ ಬಿಗಿಯುವ ಟೆನ್ಷನ್ ರಾಡ್‌ಗಳಲ್ಲಿ ಮೂರು ನಾಲ್ಕು ಕಾಣೆಯಾಗಿರುತ್ತವೆ, ಸ್ನೇರ್ ತಂತಿಯನ್ನು ಬಿಗಿಯುವ ಸ್ಟ್ರೇನರ್ ಮುರಿದಿರುತ್ತದೆ. ಮೂಲ ಭಾಗಗಳೇ ಬೇಕೆಂದು ಹಟ ಹಿಡಿದು ಡ್ರಮ್ಮನ್ನು ವರ್ಷಗಟ್ಟಲೆ ಅಟ್ಟದ ಮೇಲೆ ಇಟ್ಟವರನ್ನು ನಾನು ನೋಡಿದ್ದೇನೆ; ಸಿಕ್ಕ ಭಾಗವನ್ನು ಹೇಗಾದರೂ ಕೂರಿಸಲೆಂದು ಶೆಲ್‌ಗೇ ಡ್ರಿಲ್ ಹಚ್ಚಿದವರನ್ನೂ ನೋಡಿದ್ದೇನೆ. ಇವೆರಡೂ ಬೇಡ ಎನ್ನುವುದು ನನ್ನ ನಿಲುವು. ಹೊರಗಿನ ಭಾಗಗಳನ್ನು ಹಾಕಿ ಡ್ರಮ್ಮನ್ನು ಧಾರಾಳವಾಗಿ ನುಡಿಸಬಹುದು. ಆದರೆ ಮಾಡಿದ ಪ್ರತಿಯೊಂದು ಬದಲಾವಣೆಯನ್ನೂ ಮುಂದೆ ಯಾರಾದರೂ ಬಿಚ್ಚಿ ಹಿಂದಿನ ಸ್ಥಿತಿಗೆ ತರಲು ಆಗಬೇಕು, ಮತ್ತು ಶೆಲ್‌ನಲ್ಲಿ ಒಂದೇ ಒಂದು ಹೊಸ ರಂಧ್ರವೂ ಬೀಳಬಾರದು.

ಈ ಬರಹಕ್ಕೆ ಉದಾಹರಣೆಯಾಗಿ ಲುಡ್ವಿಗ್ ಕಂಪನಿಯ ಅಕ್ರೊಲೈಟ್ ಡ್ರಮ್ಮನ್ನು ಆರಿಸಿಕೊಂಡಿದ್ದೇನೆ. ವಿಲಿಯಂ ಎಫ್. ಲುಡ್ವಿಗ್ ಮತ್ತು ಅವರ ತಮ್ಮ ಥಿಯೊಬಾಲ್ಡ್ 1909ರಲ್ಲಿ ಶಿಕಾಗೊ ನಗರದಲ್ಲಿ ಆರಂಭಿಸಿದ ಈ ಕಂಪನಿ, 1960ರ ದಶಕದ ಆರಂಭದಿಂದ ಅಕ್ರೊಲೈಟನ್ನು ತಯಾರಿಸಿತು. 14 ಇಂಚು ವ್ಯಾಸ, 5 ಇಂಚು ಆಳ, ಎಂಟು ಲಗ್‌ಗಳು, ಜೋಡಣೆಯ ಗೆರೆಯಿಲ್ಲದ ಅಲ್ಯೂಮಿನಿಯಂ ಶೆಲ್, ಅದರ ನಡುವೆ ಹೊರಕ್ಕೆ ಉಬ್ಬಿದ ಒಂದು ಪಟ್ಟಿ: ಇಷ್ಟು ಅದರ ಲಕ್ಷಣ. ಅದೇ ಕಂಪನಿಯ ಹೆಸರಾಂತ ಸುಪ್ರಾಫೋನಿಕ್ ಡ್ರಮ್ಮಿಗೂ ಇಂಥದೇ ಶೆಲ್ ಇದೆ. ಆದರೆ ಅದಕ್ಕೆ ಕ್ರೋಮ್ ಲೇಪನವೂ ಹತ್ತು ಲಗ್‌ಗಳೂ ಇವೆ. ಅಕ್ರೊಲೈಟನ್ನು ಅಮೆರಿಕದ ಶಾಲಾ ಬ್ಯಾಂಡುಗಳಲ್ಲಿ ಕಲಿಯುವ ಮಕ್ಕಳಿಗೆಂದು ಸ್ಟ್ಯಾಂಡ್ ಮತ್ತು ಪೆಟ್ಟಿಗೆಯ ಸಮೇತ ಮಾರುತ್ತಿದ್ದರು. ಹೀಗಾಗಿ ಅವು ದೊಡ್ಡ ಸಂಖ್ಯೆಯಲ್ಲಿ ತಯಾರಾದವು, ಮಕ್ಕಳ ಕೈಯಲ್ಲಿ ಸಾಕಷ್ಟು ಪೆಟ್ಟು ತಿಂದವು, ಬಿಡಿಭಾಗಗಳನ್ನೂ ಕಳೆದುಕೊಂಡವು. ಇಷ್ಟಾದರೂ ಅವುಗಳ ನಾದ ಸ್ಟುಡಿಯೊಗಳಲ್ಲಿ ಇಂದಿಗೂ ಬೇಡಿಕೆಯಲ್ಲಿದೆ. ಮೂಲ ಭಾಗಗಳಿಲ್ಲ ಎಂಬ ಒಂದೇ ಕಾರಣಕ್ಕೆ ಅಂಥ ಶೆಲ್ ಮೂಲೆ ಸೇರುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಕೆಲಸ ಆರಂಭಿಸುವ ಮೊದಲು ಡ್ರಮ್ಮನ್ನು ಚೆನ್ನಾಗಿ ನೋಡಿ. ಕಂಪನಿಯ ಹೆಸರಿನ ಬ್ಯಾಡ್ಜ್ ಕಾಲವನ್ನು ಸ್ಥೂಲವಾಗಿ ತಿಳಿಸುತ್ತದೆ: ಕಮಾನಿನ ನಡುಗಲ್ಲಿನ ಆಕಾರದ ಹಿತ್ತಾಳೆ ಬಣ್ಣದ ಬ್ಯಾಡ್ಜ್ ಇದ್ದರೆ ಅದು 1960ರ ದಶಕದ್ದು, ನೀಲಿ ಮತ್ತು ಎಲೆಹಸಿರು ಬಣ್ಣದ ಬ್ಯಾಡ್ಜ್ ಇದ್ದರೆ 1970ರ ದಶಕದ್ದು ಅಥವಾ ಅದಕ್ಕೂ ಈಚಿನದು. ಕ್ರಮಸಂಖ್ಯೆಯನ್ನು ಮಾತ್ರ ನಂಬಿ ವರ್ಷ ನಿರ್ಧರಿಸಬೇಡಿ, ಏಕೆಂದರೆ ಆ ಕಾಲದ ಕಾರ್ಖಾನೆಯಲ್ಲಿ ಸಂಖ್ಯೆಯಿದ್ದ ಬ್ಯಾಡ್ಜ್‌ಗಳನ್ನು ಕಟ್ಟುನಿಟ್ಟಾದ ಅನುಕ್ರಮದಲ್ಲಿ ಬಳಸುತ್ತಿರಲಿಲ್ಲ. ಒಂದು ಸಣ್ಣ ಅಯಸ್ಕಾಂತವನ್ನು ಪ್ರತಿಯೊಂದು ಭಾಗಕ್ಕೂ ತಾಗಿಸಿ ನೋಡುವುದು ಒಳ್ಳೆಯ ಅಭ್ಯಾಸ. ಅಲ್ಯೂಮಿನಿಯಂ ಶೆಲ್‌ಗಾಗಲಿ ಹಿತ್ತಾಳೆಗಾಗಲಿ ಅದು ಅಂಟುವುದಿಲ್ಲ, ಉಕ್ಕಿನ ಹೂಪ್‌ಗೆ ಅಂಟುತ್ತದೆ. ಯಾವ ಭಾಗಕ್ಕೆ ಯಾವ ಬಗೆಯ ಶುಚಿಕಾರ್ಯ ಸಲ್ಲುತ್ತದೆ ಎಂಬುದು ಇದರಿಂದಲೇ ಅರ್ಧ ಗೊತ್ತಾಗುತ್ತದೆ.

ಅನಂತರ ಶೆಲ್ ದುಂಡಗಿದೆಯೇ ಎಂದು ಅಳೆಯಬೇಕು. ಉದ್ದದ ಉಕ್ಕಿನ ಅಳತೆಪಟ್ಟಿಯಿಂದ ಎದುರುಬದುರು ಅಂಚುಗಳ ನಡುವಿನ ದೂರವನ್ನು ನಾಲ್ಕು ದಿಕ್ಕುಗಳಲ್ಲಿ ಅಳೆದಾಗ ವ್ಯತ್ಯಾಸ ಒಂದೆರಡು ಮಿ.ಮೀ. ಒಳಗಿದ್ದರೆ ಚಿಂತೆಯಿಲ್ಲ. ಅಂಚು ಸಮತಲವಾಗಿದೆಯೇ ಎಂದು ನೋಡಲು ಅಡುಗೆಮನೆಯ ಗ್ರಾನೈಟ್ ಕಟ್ಟೆಗಿಂತ ಅನುಕೂಲವಾದ ಜಾಗ ಮನೆಯಲ್ಲಿ ಇನ್ನೊಂದಿಲ್ಲ. ಶೆಲ್ಲನ್ನು ಅದರ ಮೇಲೆ ಕವುಚಿ, ಒಳಗೆ ಒಂದು ದೀಪವಿಟ್ಟು, ಕೋಣೆಯನ್ನು ಕತ್ತಲು ಮಾಡಿ, ಅಂಚಿನ ಸುತ್ತ ಬೆಳಕು ಎಲ್ಲಿ ಸೋರುತ್ತದೆ ಎಂದು ಗಮನಿಸಿ. ಕೆಳಗಿನ ಅಂಚಿನಲ್ಲಿ ಎದುರುಬದುರಾಗಿ ಎರಡು ಕಡೆ ನಿಧಾನವಾಗಿ ತಗ್ಗಿ ಏರುವ ಸಂದು ಕಂಡರೆ ಗಾಬರಿಯಾಗಬೇಡಿ. ಅದು ಸ್ನೇರ್ ತಂತಿಗಳು ಹೆಡ್‌ಗೆ ಒತ್ತಿ ಕೂರಲೆಂದು ಕಾರ್ಖಾನೆಯಲ್ಲೇ ಮಾಡಿದ ತಗ್ಗು. ಅದನ್ನು ಹಾನಿಯೆಂದು ತಿಳಿದು ಸರಿಪಡಿಸಲು ಹೋದರೆ ಡ್ರಮ್ ಕೆಟ್ಟಂತೆಯೇ.

ಬಿಚ್ಚುವ ಕೆಲಸದಲ್ಲಿ ಆತುರ ಬೇಡ. ಎಲ್ಲ ಕಡೆಯಿಂದಲೂ ಫೋಟೊ ತೆಗೆದುಕೊಂಡು, ಲಗ್‌ಗಳಿಗೆ ಒಂದರಿಂದ ಎಂಟರವರೆಗೆ ಕಾಗದದ ಟೇಪಿನ ಮೇಲೆ ಸಂಖ್ಯೆ ಬರೆದು ಅಂಟಿಸಿ, ಪ್ರತಿ ಲಗ್‌ನ ಸ್ಕ್ರೂ ಮತ್ತು ವಾಷರ್‌ಗಳನ್ನು ಅದೇ ಸಂಖ್ಯೆಯ ಪುಟ್ಟ ಚೀಲದಲ್ಲಿ ಇಡಿ. ತುಕ್ಕು ಹಿಡಿದು ಕಚ್ಚಿಕೊಂಡ ರಾಡ್‌ಗೆ ತುಕ್ಕು ಬಿಡಿಸುವ ಎಣ್ಣೆಯನ್ನು ಎರಡು ಹನಿ ಬಿಟ್ಟು ಒಂದು ರಾತ್ರಿ ಕಾಯಿರಿ. ಬಲವಂತ ಮಾಡಿದರೆ ರಾಡ್ ತಿರುಗುವುದಕ್ಕೆ ಬದಲು ಲಗ್ ಬಿರಿಯುತ್ತದೆ, ಏಕೆಂದರೆ ಲಗ್‌ಗಳನ್ನು ಸತುವಿನ ಮಿಶ್ರಲೋಹದಲ್ಲಿ ಅಚ್ಚು ಹೊಯ್ದಿರುತ್ತಾರೆ. ಆ ಲೋಹ ಬಾಗುವುದಿಲ್ಲ, ನೇರವಾಗಿ ಒಡೆಯುತ್ತದೆ. ಬ್ಯಾಡ್ಜನ್ನು ಕಳಚಲೇಬೇಡಿ. ಗಾಳಿ ಹೋಗುವ ರಂಧ್ರದ ಮೂಲಕ ಒತ್ತಿ ಕೂರಿಸಿದ ಒಂದು ಕೊಳವೆಯಂಥ ಬಳೆ ಅದನ್ನು ಹಿಡಿದಿರುತ್ತದೆ; ಒಮ್ಮೆ ಬಿಚ್ಚಿದರೆ ಅದು ಮೊದಲಿನಂತೆ ಕೂರುವುದಿಲ್ಲ.

ಶುಚಿಗೊಳಿಸುವುದು

ನಮ್ಮ ಮನೆಗಳಲ್ಲಿ ಹಿತ್ತಾಳೆ ಪಾತ್ರೆಯೆಂದರೆ ಹುಣಸೆಹಣ್ಣು ನೆನಪಾಗುತ್ತದೆ. ಅಕ್ರೊಲೈಟ್ ಶೆಲ್‌ನ ಹತ್ತಿರಕ್ಕೂ ಅದನ್ನು ತರಬೇಡಿ. ಹುಳಿ ಪದಾರ್ಥ, ವಾಷಿಂಗ್ ಸೋಡಾ, ಚರಂಡಿ ಶುಚಿಗೊಳಿಸುವ ಕಾಸ್ಟಿಕ್ ಪುಡಿ ಇವೆಲ್ಲವೂ ಅಲ್ಯೂಮಿನಿಯಂ ಮೈಯನ್ನು ತಿನ್ನುತ್ತವೆ, ಮತ್ತು ಆ ಶೆಲ್‌ನ ಹೊಳಪಿಲ್ಲದ ಮೃದು ಬೂದುಬಣ್ಣ ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ. ಉಗುರುಬೆಚ್ಚನೆಯ ನೀರಿಗೆ ಪಾತ್ರೆ ತೊಳೆಯುವ ದ್ರವವನ್ನು ಕೆಲವು ಹನಿ ಬೆರೆಸಿ, ಹಳೆಯ ಹತ್ತಿಬಟ್ಟೆಯಿಂದ ಒರೆಸಿ, ತಕ್ಷಣ ಒಣಬಟ್ಟೆಯಿಂದ ತೇವ ತೆಗೆಯುವುದೇ ಸಾಕು. ಶೆಲ್‌ನ ಒಳಗೆ ಮೊಹರು ಅಥವಾ ಪೆನ್ಸಿಲ್ ಗುರುತು ಕಂಡರೆ ಅಲ್ಲಿ ಬಟ್ಟೆ ತಾಗಿಸಬೇಡಿ. ಬೂದುಬಣ್ಣದ ನಡುವೆ ಅಲ್ಲಲ್ಲಿ ಬಿಳಿ ಪುಡಿಯಂತೆ ಕಾಣುವುದು ಅಲ್ಯೂಮಿನಿಯಂ ಸವಕಳಿ. ಅದನ್ನು ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆರೆದು ತೆಗೆಯಬಹುದು, ಕೆಳಗೆ ಉಳಿಯುವ ಸಣ್ಣ ಕುಳಿಗಳನ್ನು ಹಾಗೆಯೇ ಬಿಡಬೇಕು. ಅವು ನಾದಕ್ಕೆ ಅಡ್ಡಿಯಲ್ಲ.

ಕ್ರೋಮ್ ಲೇಪನದ ಉಕ್ಕಿನ ಭಾಗಗಳ ಮೇಲಿನ ತುಕ್ಕಿಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಚೆನ್ನಾಗಿ ಕೆಲಸ ಮಾಡುತ್ತದೆ. ಫಾಯಿಲ್ ತುಂಡನ್ನು ನೀರಿನಲ್ಲಿ ಅದ್ದಿ ಉಜ್ಜಿದರೆ ತುಕ್ಕು ಬಿಡುತ್ತದೆ. ಅದು ಕ್ರೋಮ್‌ಗಿಂತ ಮೆದುವಾದ್ದರಿಂದ ಗೀರು ಬೀಳುವುದಿಲ್ಲ. ಆಮೇಲೆ ಕಾರಿಗೆ ಹಚ್ಚುವ ಮೇಣವನ್ನು ತೆಳ್ಳಗೆ ಸವರಿ ಒರೆಸಿ. ಮಂಗಳೂರು, ಉಡುಪಿ, ಕಾರವಾರದಂಥ ಕಡಲ ಗಾಳಿಯ ಊರುಗಳಲ್ಲಿ ಇರುವವರು ಈ ಮೇಣದ ಕೆಲಸವನ್ನು ಪ್ರತಿ ಮಳೆಗಾಲಕ್ಕೂ ಮೊದಲು ಮತ್ತೊಮ್ಮೆ ಮಾಡಿದರೆ ಒಳ್ಳೆಯದು.

ಥ್ರೆಡ್ ಹೊಂದಬೇಕು

ಹೊರಗಿನ ಭಾಗ ಹಾಕುವವರು ಅತಿ ಹೆಚ್ಚು ಎಡವುವುದು ಟೆನ್ಷನ್ ರಾಡ್‌ಗಳಲ್ಲಿ. ನಾನು ಕೂಡ ಮೊದಲ ಸಲ ಅಲ್ಲಿಯೇ ಹಾನಿ ಮಾಡಿಕೊಂಡೆ. ಕಾಣೆಯಾಗಿದ್ದ ನಾಲ್ಕು ರಾಡ್‌ಗಳ ಬದಲು ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಲ್ಲಿ ಕಣ್ಣಂದಾಜಿಗೆ ಹೊಂದುವ 6 ಮಿ.ಮೀ. ಬೋಲ್ಟು ತಂದು, ಮೊದಲ ಎರಡು ಸುತ್ತು ಬಿಗಿಯಾದಾಗ ಅದು ತುಕ್ಕಿನ ಬಿಗಿಯೆಂದು ಭಾವಿಸಿ ಇನ್ನೂ ತಿರುಗಿಸಿದೆ. ಲಗ್‌ನ ಒಳಗಿದ್ದ ಮೂಲ ಹಿತ್ತಾಳೆ ನಟ್ಟಿನ ಥ್ರೆಡ್ ಪೂರ್ತಿ ಹಾಳಾಯಿತು. ಅರವತ್ತು ವರ್ಷ ಬಾಳಿದ್ದ ಭಾಗವೊಂದು ನನ್ನ ಅವಸರದಿಂದ ಒಂದು ನಿಮಿಷದಲ್ಲಿ ಹೋದದ್ದು ಇಂದಿಗೂ ಮನಸ್ಸಿನಲ್ಲಿದೆ; ಆದ್ದರಿಂದ ಈ ಭಾಗವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಲುಡ್ವಿಗ್ ರಾಡ್‌ಗಳ ಅಳತೆ 12-24. ಇದರಲ್ಲಿ 12 ಎಂಬುದು ಅಮೆರಿಕದ ಸ್ಕ್ರೂ ಗಾತ್ರದ ಸಂಖ್ಯೆ, ಅಂದರೆ ಸುಮಾರು 5.5 ಮಿ.ಮೀ. ದಪ್ಪ, 24 ಎಂಬುದು ಒಂದು ಇಂಚಿನಲ್ಲಿರುವ ಸುತ್ತುಗಳ ಸಂಖ್ಯೆ, ಅಂದರೆ ಒಂದು ಸುತ್ತಿನಿಂದ ಇನ್ನೊಂದಕ್ಕೆ ಸುಮಾರು 1.06 ಮಿ.ಮೀ. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಮೆಟ್ರಿಕ್ ಬೋಲ್ಟುಗಳಲ್ಲಿ 5 ಮಿ.ಮೀ. ಬೋಲ್ಟಿನ ಸುತ್ತು 0.8 ಮಿ.ಮೀ., 6 ಮಿ.ಮೀ. ಬೋಲ್ಟಿನದು 1 ಮಿ.ಮೀ. ಮೊದಲನೆಯದು ಸಡಿಲವಾಗಿ ಒಳಹೋಗಿ, ಒಂದೆರಡು ಸುತ್ತುಗಳ ತುದಿಯಲ್ಲಷ್ಟೇ ಹಿಡಿದು, ಹೆಡ್ ಬಿಗಿಯಾದಾಗ ಕಿತ್ತುಬರುತ್ತದೆ. ಎರಡನೆಯದು ದಪ್ಪವಾದ್ದರಿಂದ ಒಳಗಿನ ಥ್ರೆಡ್ಡನ್ನೇ ಕತ್ತರಿಸುತ್ತದೆ. ಆದುದರಿಂದ ಹಾರ್ಡ್‌ವೇರ್ ಅಂಗಡಿಯನ್ನು ಬಿಟ್ಟು ಡ್ರಮ್ ಮಾರುವ ಅಂಗಡಿಗೇ ಹೋಗಿ. ಇಂದು ಜಪಾನ್, ತೈವಾನ್, ಚೀನಾ ದೇಶಗಳಲ್ಲಿ ತಯಾರಾಗುವ ಬಹುಪಾಲು ಡ್ರಮ್ ರಾಡ್‌ಗಳು ಈ ಅಮೆರಿಕದ ಅಳತೆಗೆ ಹೊಂದುತ್ತವೆ. ಜರ್ಮನಿಯ ಸೋನರ್ ಕಂಪನಿಯ ಹಳೆಯ ಡ್ರಮ್ಮುಗಳ ರಾಡ್ ಮಾತ್ರ 6 ಮಿ.ಮೀ. ಮೆಟ್ರಿಕ್, ಅದನ್ನು ಇಲ್ಲಿಗೆ ತರಬಾರದು. ಹೊಂದಿಕೆಯನ್ನು ಪರೀಕ್ಷಿಸುವ ಕ್ರಮ ಸರಳ: ಒಳಗಿನ ನಟ್ಟನ್ನು ಲಗ್‌ನಿಂದ ಹೊರತೆಗೆದು, ರಾಡನ್ನು ಎರಡು ಬೆರಳಿನಿಂದ ತಿರುಗಿಸಿ. ಉಪಕರಣವಿಲ್ಲದೆ ಕೊನೆಯವರೆಗೂ ಹೋಗಬೇಕು, ಅಲುಗಾಡಲೂ ಬಾರದು.

ಉದ್ದವೂ ಅಷ್ಟೇ ಮುಖ್ಯ. ಅಕ್ರೊಲೈಟ್‌ನಲ್ಲಿ ಮೇಲಿನ ಮತ್ತು ಕೆಳಗಿನ ರಾಡ್‌ಗಳು ಒಂದೇ ಲಗ್‌ನ ಎರಡು ತುದಿಗಳಿಂದ ಎದುರುಬದುರಾಗಿ ಒಳಬರುತ್ತವೆ. ರಾಡ್ ಅತಿ ಉದ್ದವಾದರೆ ಒಳಗೆ ತಡೆದು ನಿಂತು, ಹೆಡ್ ಇನ್ನೂ ಸಡಿಲವಿರುವಾಗಲೇ ಕೈಗೆ ಬಿಗಿಯಾದಂತೆ ಭ್ರಮೆ ಹುಟ್ಟಿಸುತ್ತದೆ. ಅತಿ ಗಿಡ್ಡವಾದರೆ ಎರಡು ಮೂರು ಸುತ್ತು ಮಾತ್ರ ಹಿಡಿದಿರುತ್ತದೆ. ಹೆಡ್ ಮತ್ತು ಹೂಪ್ ಕೂತಮೇಲೆ ಕನಿಷ್ಠ ಐದಾರು ಸುತ್ತುಗಳು ನಟ್ಟಿನಲ್ಲಿ ಹೋಗಿರಬೇಕು. ಹೊಸ ಹೂಪ್‌ನ ಕಿವಿ (ರಾಡ್ ತೂರುವ ರಂಧ್ರವಿರುವ ಭಾಗ) ಮೂಲ ಹೂಪ್‌ಗಿಂತ ಎತ್ತರದಲ್ಲಿದ್ದರೆ ಬೇಕಾದ ಉದ್ದವೂ ಬದಲಾಗುತ್ತದೆ, ಆದ್ದರಿಂದ ಹೂಪ್ ಸಿಕ್ಕ ಮೇಲೆಯೇ ರಾಡ್ ಕೊಳ್ಳಿ. ಹದಿನಾರು ರಾಡ್‌ಗಳಲ್ಲಿ ಹನ್ನೆರಡು ಮೂಲದವು ಉಳಿದಿದ್ದರೆ, ಎಂಟನ್ನು ಮೇಲೆ ಹಾಕಿ, ಉಳಿದ ನಾಲ್ಕನ್ನು ಹೊಸ ನಾಲ್ಕರ ಜೊತೆ ಕೆಳಗೆ ಹಾಕುವುದು ನನ್ನ ರೂಢಿ. ಮೇಲ್ಭಾಗದ ನೋಟ ಒಂದೇ ರೀತಿ ಇರುತ್ತದೆ.

ಲಗ್‌ನ ಒಳಗೆ ನಟ್ಟುಗಳನ್ನು ಹಿಡಿದಿಡುವ ಸ್ಪ್ರಿಂಗ್ ಇದ್ದರೆ ಅದು ಕೆಲವೊಮ್ಮೆ ಡ್ರಮ್ಮಿನ ಜೊತೆ ತಾನೂ ಝೇಂಕರಿಸುತ್ತದೆ. ಸ್ಪ್ರಿಂಗ್ ಸುತ್ತ ಸ್ವಲ್ಪ ಹತ್ತಿಯನ್ನೋ ಫೆಲ್ಟ್ ತುಂಡನ್ನೋ ತುಂಬಿದರೆ ಸುಮ್ಮನಾಗುತ್ತದೆ. ಥ್ರೆಡ್‌ಗಳಿಗೆ ಪೆಟ್ರೋಲಿಯಂ ಜೆಲ್ಲಿಯನ್ನು ಬೆರಳ ತುದಿಯಷ್ಟು ಸವರಿ. ಲಗ್ಗನ್ನು ಶೆಲ್‌ಗೆ ಬಿಗಿಯುವಾಗ ಒಳಗಡೆ ಮೂಲ ವಾಷರ್ ಇಲ್ಲದಿದ್ದರೆ ಸ್ವಲ್ಪ ಅಗಲವಾದ ವಾಷರ್ ಹಾಕಿ, ಕೈಯಲ್ಲಿ ಹಿಡಿದ ಸ್ಕ್ರೂಡ್ರೈವರ್‌ನಿಂದಲೇ ಬಿಗಿಯಿರಿ. ಈ ಕೆಲಸಕ್ಕೆ ಬ್ಯಾಟರಿಯ ಯಂತ್ರ ಸಲ್ಲದು.

ಹೂಪ್

ನನಗೆ ಸಿಕ್ಕ ಡ್ರಮ್ಮಿನ ಕೆಳಗಿನ ಹೂಪ್ ಹತ್ತು ಕಿವಿಗಳದ್ದಾಗಿತ್ತು. ಮಾರಿದವರು ಅದನ್ನು ಎರಡೇ ಎರಡು ರಾಡ್‌ಗಳಲ್ಲಿ ಸಿಕ್ಕಿಸಿ ಕೊಟ್ಟಿದ್ದರು. ಎಂಟು ಲಗ್ ಇರುವ ಡ್ರಮ್ಮಿನಲ್ಲಿ ಕಿವಿಗಳ ನಡುವಿನ ಕೋನ 45 ಡಿಗ್ರಿ, ಹತ್ತು ಲಗ್ ಇದ್ದರೆ 36 ಡಿಗ್ರಿ. ಇವೆರಡು ಯಾವ ಉಪಾಯದಿಂದಲೂ ಹೊಂದುವುದಿಲ್ಲ. 14 ಇಂಚಿನ ಎಂಟು ಕಿವಿಯ ಹೂಪ್ ಮಾತ್ರ ಕೊಳ್ಳಿ. ಕೆಳಗಿನ ಹೂಪ್‌ನಲ್ಲಿ ಸ್ನೇರ್ ತಂತಿಯ ದಾರ ಹೊರಬರಲು ಎದುರುಬದುರಾಗಿ ಎರಡು ತೆರಪುಗಳಿರಬೇಕು, ಆ ತೆರಪುಗಳು ನಿಮ್ಮ ಡ್ರಮ್ಮಿನ ಸ್ಟ್ರೇನರ್ ಮತ್ತು ಅದರ ಎದುರು ಬದಿಯಲ್ಲಿ ತಂತಿಯ ಇನ್ನೊಂದು ತುದಿಯನ್ನು ಹಿಡಿಯುವ ಬಟ್ ಪ್ಲೇಟ್‌ಗಳ ನೇರಕ್ಕೆ ಬರಬೇಕು.

ಪೇಟೆಯಲ್ಲಿ 1.6 ಮಿ.ಮೀ. ಮತ್ತು 2.3 ಮಿ.ಮೀ. ದಪ್ಪದ ಬಾಗಿಸಿದ ಉಕ್ಕಿನ ಹೂಪ್‌ಗಳು ಸಿಗುತ್ತವೆ. ಅಚ್ಚು ಹೊಯ್ದ ಹೂಪ್‌ಗಳೂ ಇವೆ. ಅಕ್ರೊಲೈಟ್‌ಗೆ ತೆಳುವಾದದ್ದೇ ಹಿತ. ಅದರ ಶೆಲ್‌ನ ಸೊಗಸು ಇರುವುದೇ ಒಣ, ತೆರೆದ, ಚುರುಕಾದ ನಾದದಲ್ಲಿ. ದಪ್ಪ ಹೂಪ್ ಹಾಕಿದಾಗ ರಿಮ್ ಹೊಡೆತ (ಹೂಪ್‌ನ ಅಂಚಿಗೂ ಕೋಲು ತಾಗಿಸುವ ಹೊಡೆತ) ಜೋರಾಗುತ್ತದೆ, ಶ್ರುತಿ ಸ್ಥಿರವಾಗಿ ನಿಲ್ಲುತ್ತದೆ, ಆದರೆ ಆ ತೆರೆದ ಗುಣ ಸ್ವಲ್ಪ ಮುಚ್ಚಿಹೋಗುತ್ತದೆ. ಅಚ್ಚು ಹೊಯ್ದ ಹೂಪ್‌ನಲ್ಲಿ ಇದು ಇನ್ನೂ ಹೆಚ್ಚು. ಮೇಲೊಂದು ದಪ್ಪ, ಕೆಳಗೊಂದು ತೆಳು ಹಾಕಿಕೊಂಡು ನುಡಿಸುವವರಿದ್ದಾರೆ, ಅದರಲ್ಲಿ ತಪ್ಪೇನಿಲ್ಲ. ಕೊಳ್ಳುವಾಗ ಹೂಪನ್ನು ಗಾಜಿನ ಮೇಜಿನ ಮೇಲಿಟ್ಟು ಸುತ್ತಲೂ ಬೆರಳಿನಿಂದ ಒತ್ತಿ ನೋಡಿ. ಕುಂಟುವ ಹೂಪ್ ಹೊಸದಾದರೂ ಬೇಡ.

ಸ್ಟ್ರೇನರ್

ಇಡೀ ಕೆಲಸದಲ್ಲಿ ಬುದ್ಧಿ ಖರ್ಚು ಮಾಡಬೇಕಾದ ಸ್ಥಳ ಇದು. 1960ರ ದಶಕದ ಅಕ್ರೊಲೈಟ್‌ಗಳಲ್ಲಿ ಪಿ-83 ಎಂಬ ಸ್ಟ್ರೇನರ್, 1970ರ ದಶಕದವುಗಳಲ್ಲಿ ಪಿ-85 ಎಂಬುದು ಇರುತ್ತದೆ. ಪಿ-85ರ ಹಿಡಿಕೆ ಮತ್ತು ಬಿಗಿಯುವ ತಿರುಗುಗುಂಡಿ ಸವೆದು, ನುಡಿಸುತ್ತಿರುವಾಗಲೇ ತಂತಿ ಸಡಿಲವಾಗುವುದು ಡ್ರಮ್ ನುಡಿಸುವವರ ಹಳೆಯ ದೂರು. ಬೇರೆ ಕಂಪನಿಯ ಸ್ಟ್ರೇನರ್ ಹಾಕುವ ಮೊದಲು ಶೆಲ್‌ನಲ್ಲಿರುವ ರಂಧ್ರಗಳ ನಡುವಿನ ದೂರವನ್ನು ನಿಖರವಾಗಿ ಅಳೆಯಬೇಕು. ರಂಧ್ರದ ನಡುಬಿಂದುವನ್ನು ಕಣ್ಣಿನಿಂದ ಗುರುತಿಸುವುದು ಕಷ್ಟವಾದ್ದರಿಂದ, ವರ್ನಿಯರ್ ಕ್ಯಾಲಿಪರ್‌ನಿಂದ ಎರಡು ರಂಧ್ರಗಳ ಹತ್ತಿರದ ಅಂಚುಗಳ ನಡುವಿನ ದೂರವನ್ನು ಅಳೆದು, ಅದಕ್ಕೆ ಒಂದು ರಂಧ್ರದ ವ್ಯಾಸವನ್ನು ಕೂಡಿಸಿ. ರಂಧ್ರಗಳೆರಡೂ ಒಂದೇ ಗಾತ್ರದವಾಗಿದ್ದರೆ ಬರುವ ಉತ್ತರವೇ ನಡುವಿನಿಂದ ನಡುವಿಗಿರುವ ದೂರ. ಬಟ್ ಪ್ಲೇಟ್ ಕಡೆಗೂ ಹೀಗೆಯೇ ಅಳೆದು, ಎರಡೂ ಸಂಖ್ಯೆಗಳನ್ನು ಬರೆದುಕೊಂಡು ಅಂಗಡಿಗೆ ಹೋಗಿ. ಹೆಸರು ನೋಡಿ ಕೊಳ್ಳಬೇಡಿ, ಅಳತೆ ನೋಡಿ ಕೊಳ್ಳಿ.

ಇಂದಿನ ಕೆಲವು ಸ್ಟ್ರೇನರ್‌ಗಳ ಹಿಂಬದಿಯಲ್ಲಿ ಸ್ಕ್ರೂ ಕೂರುವ ಜಾಗ ಉದ್ದನೆಯ ಸೀಳಿನಂತಿರುತ್ತದೆ, ಹೀಗಾಗಿ ಅವು ಹಲವು ಅಳತೆಗಳಿಗೆ ಹೊಂದುತ್ತವೆ. ಅಂಥದು ಸಿಕ್ಕರೆ ಕೆಲಸ ಅರ್ಧ ಮುಗಿಯಿತು. ಸಿಗದಿದ್ದರೆ ನಡುವೆ ಒಂದು ತಗಡನ್ನು ಕೂರಿಸುವುದೇ ದಾರಿ. 2 ಅಥವಾ 3 ಮಿ.ಮೀ. ದಪ್ಪದ ಅಲ್ಯೂಮಿನಿಯಂ ತಗಡಿನ ತುಂಡಿನಲ್ಲಿ ಶೆಲ್‌ನ ಹಳೆಯ ರಂಧ್ರಗಳಿಗೆ ಸರಿಯಾಗಿ ಎರಡು, ಹೊಸ ಸ್ಟ್ರೇನರ್‌ಗೆ ಸರಿಯಾಗಿ ಬೇರೆ ಎರಡು ರಂಧ್ರ ಕೊರೆಸಿ, ಹೊಸ ಎರಡಕ್ಕೆ ಥ್ರೆಡ್ ಹಾಕಿಸಬೇಕು. ಹಳೆಯ ರಂಧ್ರಗಳಿಗೆ ಹಾಕುವ ಸ್ಕ್ರೂಗಳ ತಲೆ ತಗಡಿನೊಳಗೆ ಮುಳುಗಿ ಕೂರುವಂತಿರಬೇಕು, ಇಲ್ಲದಿದ್ದರೆ ಸ್ಟ್ರೇನರ್ ಅದರ ಮೇಲೆ ಸಮವಾಗಿ ಕೂರುವುದಿಲ್ಲ. ಲೇತ್ ಕೆಲಸದ ಅಂಗಡಿಯವರಿಗೆ ಇದು ಸಣ್ಣ ಕೆಲಸ. ಮೊದಲು ದಪ್ಪ ರಟ್ಟಿನಲ್ಲಿ ಮಾದರಿ ಕತ್ತರಿಸಿ, ಶೆಲ್ ಮೇಲೆ ಇಟ್ಟು ನೋಡಿ, ಅದನ್ನೇ ಅವರ ಕೈಗೆ ಕೊಟ್ಟರೆ ಮಾತಿನ ಗೊಂದಲ ತಪ್ಪುತ್ತದೆ.

ಇಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು ಶೆಲ್‌ನ ದುಂಡು. 50 ಮಿ.ಮೀ. ಅಗಲದ ಚಪ್ಪಟೆ ತಗಡನ್ನು 14 ಇಂಚಿನ ಶೆಲ್‌ಗೆ ಒತ್ತಿ ಹಿಡಿದರೆ ಎರಡೂ ಬದಿಗಳಲ್ಲಿ ಸುಮಾರು ಒಂದೂಮುಕ್ಕಾಲು ಮಿ.ಮೀ. ಸಂದು ಉಳಿಯುತ್ತದೆ. ಆ ಸಂದನ್ನು ಸ್ಕ್ರೂ ಬಿಗಿಯಿಂದ ಮುಚ್ಚಲು ಹೋದರೆ ತೆಳು ಅಲ್ಯೂಮಿನಿಯಂ ಶೆಲ್ ಒಳಸರಿದು ಚಪ್ಪಟೆಯಾಗುತ್ತದೆ. ಆದ್ದರಿಂದ ತಗಡಿಗೆ ಮೊದಲೇ ಶೆಲ್‌ನ ಬಾಗು ಕೊಡಿಸಿ, ಅಥವಾ ಅದನ್ನು ಕಿರಿದಾಗಿ ಮಾಡಿಸಿ ಹಿಂದೆ ರಬ್ಬರ್ ಹಾಳೆಯ ತುಂಡಿಡಿ. ಎರಡನೆಯದು ಶೆಲ್ ನಡುವಿನ ಉಬ್ಬುಪಟ್ಟಿ. ತಗಡು ಅದರ ಮೇಲೆ ಕೂತು ಆಡದಂತೆ, ಉಬ್ಬು ಬರುವ ಕಡೆ ತಗಡಿನ ಹಿಂಬದಿಯನ್ನು ತೋಡಿಸಬೇಕು ಅಥವಾ ತಗಡನ್ನು ಉಬ್ಬಿನ ಒಂದೇ ಪಕ್ಕದಲ್ಲಿ ನಿಲ್ಲುವಷ್ಟು ಚಿಕ್ಕದು ಮಾಡಬೇಕು. ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಉಕ್ಕಿನ ಭಾಗ ಅಲ್ಯೂಮಿನಿಯಂಗೆ ನೇರವಾಗಿ ತಾಗಿದ್ದು ತೇವವೂ ಸೇರಿದರೆ ಸವೆಯುವುದು ಅಲ್ಯೂಮಿನಿಯಂ. ಆದುದರಿಂದ ಎಲ್ಲ ಕಡೆ ನೈಲಾನ್ ವಾಷರ್ ಅಥವಾ ತೆಳು ರಬ್ಬರ್ ಇರಲಿ. ಕರಾವಳಿಯವರು ಇದನ್ನು ಮರೆಯಲೇಬಾರದು.

ಸ್ಟ್ರೇನರ್‌ನ ಎತ್ತರವನ್ನೂ ನೋಡಿಕೊಳ್ಳಿ. ಹಿಡಿಕೆಯನ್ನು ಬಿಟ್ಟಾಗ ಅದರ ಯಾವ ಭಾಗವೂ ಕೆಳಗಿನ ಹೂಪ್‌ಗಿಂತ ಕೆಳಕ್ಕೆ ಚಾಚಬಾರದು, ಚಾಚಿದರೆ ಡ್ರಮ್ಮನ್ನು ನೆಲದ ಮೇಲಿಟ್ಟ ಮೊದಲ ದಿನವೇ ಅದು ಮುರಿಯುತ್ತದೆ. ಹಿಡಿಕೆ ಪಕ್ಕದ ರಾಡ್‌ಗೆ ತಗಲದೆ ಪೂರ್ತಿ ಆಡಬೇಕು. ದಾರ ಕಚ್ಚುವ ಭಾಗ ಹೂಪ್‌ನ ತೆರಪಿನ ನಡುವಿಗೆ ನೇರವಾಗಿರಬೇಕು. ಒಂದು ಬದಿಗೆ ಸರಿದಿದ್ದರೆ ತಂತಿಗಳು ಓರೆಯಾಗಿ ಕೂತು, ಒಂದು ಬದಿ ಬಿಗಿದು ಇನ್ನೊಂದು ಬದಿ ಸದಾ ಗೊರಗುಟ್ಟುತ್ತದೆ. ಹಿಂದಿನವರು ಯಾರೋ ಕೊರೆದ ಹೆಚ್ಚುವರಿ ರಂಧ್ರಗಳು ನಿಮ್ಮ ಶೆಲ್‌ನಲ್ಲಿ ಈಗಾಗಲೇ ಇದ್ದರೆ ಅವುಗಳನ್ನು ಬಳಸಿಕೊಳ್ಳಲು ಹಿಂಜರಿಯಬೇಡಿ. ಬೇಡವಾದ ರಂಧ್ರಗಳಿಗೆ ರಬ್ಬರ್ ಬಿರಡೆ ಸಾಕು. ಬೆಸುಗೆ, ಎಪಾಕ್ಸಿ, ಪುಟ್ಟಿ ಹಾಕಿ ಮುಚ್ಚಬೇಡಿ.

ಒಳಗಿನ ಮಫ್ಲರ್ ಬಗ್ಗೆ ಒಂದು ಮಾತು. ಹೆಡ್‌ಗೆ ಕೆಳಗಿನಿಂದ ಒತ್ತುವ ಆ ಫೆಲ್ಟ್ ತುಂಡಿನ ಸಾಧನ ಹಳೆಯದಾದಂತೆ ಕಡಕಡ ಸದ್ದು ಮಾಡುತ್ತದೆ. ಕಳಚಿ ಎತ್ತಿಡಿ, ರಂಧ್ರಕ್ಕೆ ಬಿರಡೆ ಹಾಕಿ.

ತಂತಿ, ದಾರ, ಹೆಡ್

ಸ್ನೇರ್ ತಂತಿಗಳು ಸವೆಯುವ ವಸ್ತು, ಅವು ಮೂಲದವೇ ಆಗಿರಬೇಕೆಂದು ಬಯಸುವುದಕ್ಕೆ ಅರ್ಥವಿಲ್ಲ. 14 ಇಂಚಿನ ಡ್ರಮ್ಮಿಗೆಂದು ಮಾಡಿದ 20 ಎಳೆಯ ತಂತಿಗಳನ್ನು ಹಾಕಿ. 42 ಎಳೆಯ ಅಗಲವಾದವು ಈ ಶೆಲ್‌ನ ತಗ್ಗನ್ನು ಮೀರಿ ಹೊರಚಾಚುತ್ತವೆ. ತಂತಿಯ ಎರಡೂ ತುದಿಯ ಫಲಕಗಳು ಶೆಲ್‌ನ ಅಂಚಿನಿಂದ ಸಮಾನ ದೂರದಲ್ಲಿದ್ದು, ಅಂಚಿನ ಮೇಲೆ ಹತ್ತದೆ ಹೆಡ್ ಮೇಲೆಯೇ ಮಲಗಬೇಕು. ಕಟ್ಟಲು 2 ಮಿ.ಮೀ. ನೈಲಾನ್ ದಾರ ಬಳಸಬಹುದು. ಅದಕ್ಕಿಂತ ನನಗೆ ಇಷ್ಟವಾದದ್ದು ಹರಿದುಹೋದ ಹಳೆಯ ಡ್ರಮ್ ಹೆಡ್‌ನಿಂದ ಕತ್ತರಿಸಿದ ಒಂದೂವರೆ ಸೆಂ.ಮೀ. ಅಗಲದ ಪಟ್ಟಿ, ಅದು ಹಿಗ್ಗುವುದಿಲ್ಲ, ತಂತಿಯ ಫಲಕವನ್ನು ಚಪ್ಪಟೆಯಾಗಿ ಹಿಡಿಯುತ್ತದೆ, ಕಾಸೂ ಖರ್ಚಾಗುವುದಿಲ್ಲ.

ಮೃದಂಗದವರು ಮುಚ್ಚಿಗೆ ಎನ್ನುವುದನ್ನು ಡ್ರಮ್ಮಿನವರು ಹೆಡ್ ಎನ್ನುತ್ತಾರೆ. ಚರ್ಮದ ಬದಲು ಪ್ಲಾಸ್ಟಿಕ್ ಹೆಡ್‌ಗಳು 1950ರ ದಶಕದ ಉತ್ತರಾರ್ಧದಿಂದ ಹರಡಿದವು. ಅಕ್ರೊಲೈಟ್ ಹುಟ್ಟಿದ್ದೇ ಆ ಬಳಿಕ, ಹೀಗಾಗಿ ಇಂದಿನ 14 ಇಂಚಿನ ಹೆಡ್ ಅದರ ಮೇಲೆ ತಕರಾರಿಲ್ಲದೆ ಕೂರುತ್ತದೆ. ಹೆಡ್ ಇಟ್ಟಾಗ ಬೆರಳಿನಿಂದ ತಿರುಗಿಸಿದರೆ ಸರಾಗವಾಗಿ ತಿರುಗಬೇಕು. ಮೇಲೆ 10 ಮಿಲ್, ಅಂದರೆ ಕಾಲು ಮಿ.ಮೀ. ದಪ್ಪದ, ಬಿಳಿ ಲೇಪನವಿರುವ ಒಂಟಿ ಪದರದ ಹೆಡ್ ಹಾಕಿ. ಕೆಳಗೆ ಸ್ನೇರ್ ಬದಿಗೆಂದೇ ಮಾಡಿದ 3 ಮಿಲ್, ಅಂದರೆ 0.08 ಮಿ.ಮೀ.ಗೂ ತೆಳುವಾದ ಹೆಡ್ ಹಾಕಬೇಕು. ಕೆಳಗಡೆ ಮೇಲಿನ ಹೆಡ್ಡನ್ನೇ ಹಾಕಿದ ಡ್ರಮ್ಮುಗಳನ್ನು ಬಹಳ ಕಂಡಿದ್ದೇನೆ. ಅವುಗಳಲ್ಲಿ ತಂತಿ ಎಷ್ಟು ಒಳ್ಳೆಯದಿದ್ದರೂ ಮೆಲ್ಲನೆಯ ಹೊಡೆತಕ್ಕೆ ಸ್ಪಂದಿಸುವುದಿಲ್ಲ.

ಎಲ್ಲ ರಾಡ್‌ಗಳನ್ನೂ ಮೊದಲು ಬೆರಳಿನಿಂದ ತಿರುಗುವಷ್ಟು ತಿರುಗಿಸಿ, ಆಮೇಲೆ ಡ್ರಮ್ ಕೀಯಿಂದ ಒಂದರ ನಂತರ ಅದರ ಎದುರಿನದು ಎಂಬ ಕ್ರಮದಲ್ಲಿ ಅರ್ಧ ಅರ್ಧ ಸುತ್ತು ಬಿಗಿಯಿರಿ. ಪಕ್ಕಪಕ್ಕದವನ್ನು ಸಾಲಾಗಿ ಬಿಗಿದರೆ ಹೂಪ್ ಓರೆಯಾಗುತ್ತದೆ. ಮೃದಂಗದ ಬಲಭಾಗವನ್ನು ಸುತ್ತ ಹದಿನಾರು ಕಡೆ ತಟ್ಟಿ ಶ್ರುತಿ ಸೇರಿಸುವುದನ್ನು ನೋಡಿದವರಿಗೆ ಇಲ್ಲಿನ ಕೆಲಸ ಹೊಸದೆನಿಸದು: ಪ್ರತಿ ರಾಡ್‌ನಿಂದ ಒಳಗೆ ಎರಡು ಮೂರು ಸೆಂ.ಮೀ. ದೂರದಲ್ಲಿ ಕೋಲಿನ ತುದಿಯಿಂದ ಮೆಲ್ಲಗೆ ತಟ್ಟಿ, ಎಂಟೂ ಕಡೆ ಒಂದೇ ಸ್ವರ ಬರುವವರೆಗೆ ಕಾಲು ಸುತ್ತಿನಷ್ಟು ಏರಿಸುತ್ತ ಇಳಿಸುತ್ತ ಹೋಗಿ. ಕೆಳಗಿನ ಹೆಡ್ಡನ್ನು ಮೇಲಿನದಕ್ಕಿಂತ ಎತ್ತರದ ಸ್ವರಕ್ಕೆ ನಿಲ್ಲಿಸಿ. ಇದನ್ನು ಮಾಡುವಾಗ ಸ್ನೇರ್ ತಂತಿ ಬಿಟ್ಟಿರಬೇಕು. ಹೊಸ ಹೆಡ್ ಹಿಗ್ಗುವುದರಿಂದ ಮರುದಿನ ಮತ್ತೆ ಒಂದು ಸಲ ಸರಿಮಾಡಬೇಕಾಗುತ್ತದೆ.

ನುಡಿಸಿದಾಗ ಬೇಡದ ಸದ್ದು ಬಂದರೆ ತಂತಿಯನ್ನು ಬಿಟ್ಟು ಡ್ರಮ್ಮಿನ ನಡುವೆ ಹೊಡೆಯುತ್ತ, ಇನ್ನೊಂದು ಕೈಯಿಂದ ಒಂದೊಂದೇ ಭಾಗವನ್ನು ಒತ್ತಿ ಹಿಡಿಯಿರಿ: ಲಗ್‌ಗಳು, ಬ್ಯಾಡ್ಜ್, ಸ್ಟ್ರೇನರ್ ಹಿಡಿಕೆ, ಬಟ್ ಪ್ಲೇಟ್, ತಗಡು. ಯಾವುದನ್ನು ಹಿಡಿದಾಗ ಸದ್ದು ನಿಲ್ಲುತ್ತದೆಯೋ ಅದೇ ಮೂಲ. ಬ್ಯಾಡ್ಜ್ ಸಡಿಲವಿದ್ದರೆ ಅದರ ಹಿಂದೆ ತೆಳು ಕಾಗದದ ಚೂರನ್ನು ಸೇರಿಸಿ, ಅಂಟು ಹಾಕಬೇಡಿ.

ಕೊನೆಯಲ್ಲಿ ಉಳಿಯುವುದು ಕಳಚಿ ಇಟ್ಟ ಮೂಲ ಭಾಗಗಳು. ಮುರಿದ ಸ್ಟ್ರೇನರ್, ಹಾಳಾದ ನಟ್ಟು, ಮಫ್ಲರ್, ಬಾಗಿದ ರಾಡ್ ಯಾವುದನ್ನೂ ಗುಜರಿಗೆ ಹಾಕಬೇಡಿ. ತೆಳ್ಳಗೆ ಎಣ್ಣೆ ಸವರಿ, ತೇವ ಹೀರುವ ಸಿಲಿಕಾ ಪೊಟ್ಟಣದ ಜೊತೆ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಡ್ರಮ್ಮಿನ ಪೆಟ್ಟಿಗೆಯಲ್ಲೇ ಇಡಿ. ಅದರ ಮೇಲೆ ಒಂದು ಚೀಟಿಯಲ್ಲಿ ಯಾವ ಭಾಗ ಯಾವ ದಿನ ಬದಲಾಯಿತು, ಹೊಸದು ಯಾವ ತಯಾರಿಕೆಯದು, ಸ್ಟ್ರೇನರ್ ರಂಧ್ರಗಳ ಅಳತೆ ಎಷ್ಟು, ನೀವು ಕೊಳ್ಳುವಾಗಲೇ ಇದ್ದ ಹೆಚ್ಚುವರಿ ರಂಧ್ರಗಳು ಯಾವುವು ಎಂದು ಬರೆಯಿರಿ. ಡ್ರಮ್ಮನ್ನು ಮುಂದೆ ಮಾರುವುದಾದರೆ ಬೆಲೆ ಹೇಳುವ ಮೊದಲೇ ಈ ಚೀಟಿಯನ್ನು ಕೊಳ್ಳುವವರ ಕೈಗೆ ಕೊಡಿ.